ಧಾರವಾಡ ಗ್ಯಾಝೆಟಿಯರಿನ ಬರಗಾಲದ ಪುಟಗಳು

ಜೇಮ್ಸ್ ಕ್ಯಾಂಬೆಲ್ಲನು ಸಂಪಾದಿಸಿದ ಮುಂಬಯಿ ಇಲಾಖೆಯ ಗ್ಯಾಝೆಟಿಯರಿನ ೨೨ನೆಯ ಸಂಪುಟವು ನಮ್ಮ ಧಾರವಾಡ ಜಿಲ್ಹೆಯನ್ನು ಕುರಿತದ್ದು. ೧೮೮೪ರಲ್ಲಿ ಅಚ್ಚಾದ ಈ ಗ್ರಂಥವನ್ನು ನಮ್ಮವರು ಇಂದಿಗೂ ದೇವಾಲಯ, ಶಾಸನ, ಜಾತಿ-ಕಸಬುಗಳ ವಿವರಕ್ಕಾಗಿ ತೆರೆಯುತ್ತಾರೆ. ತಮ್ಮ ಊರಿನ ಹೆಸರು ಸಿಕ್ಕಿತೆಂದರೆ ಹಿಗ್ಗಿ ಮುಚ್ಚುತ್ತಾರೆ. ಇದನ್ನು ಬರವಣಿಗೆಯೆಂದು ಓದುವವರು ವಿರಳ. ಆದರೆ ವಾಕ್ಯಗಳಿಂದಾದ ಯಾವ ಗ್ರಂಥವೂ ವಿಮರ್ಶೆಗೆ ಹೊರತಲ್ಲವಷ್ಟೆ. ಅದರ ಬರಗಾಲದ ಪುಟಗಳನ್ನು ನಾನು ಓದಿದ್ದು ಮನೆಯ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಅದನ್ನು ಮರೆಮಾಚಿ ವಿಮರ್ಶಕನ ವೇಷ ಹಾಕುವದು ಸರಿಯಲ್ಲವಾದುದರಿಂದ ಮೊದಲೇ ಹೇಳಿಬಿಡುತ್ತೇನೆ.

ನವಲಗುಂದದ ಕಡೆಯ ಎರೆಯ ನಾಡಿನಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲಿಯೇ ಹೂಳುವ ವಾಡಿಕೆ ಅನೇಕ ಒಕ್ಕಲು ಮನೆಗಳಲ್ಲಿ ಉಂಟು. ಹೊಲಕ್ಕೆ ಹೋದವರು ಬದುವಿನ ಬಳಿ ಹಿರಿಯರಿಗೆ ಕೈಮುಗಿದೇ ಎತ್ತು ಹೂಡುವರು. ನಮ್ಮ ಮನೆಯಲ್ಲಿ ಹಿರಿಯರ ಹಬ್ಬದ ದಿನ ಇಡುವ ಎಡೆಗಳಲ್ಲಿ ಒಂದು ಎಡೆಯ ಒಡೆಯನಿಗೆ ಮಾತ್ರ ಹೊಲದಲ್ಲಿ ಗುರುತಿಲ್ಲ. “ಧಾತು ಸಂವತ್ಸರದಾಗ ಕಡಿ ಒಡೀಲಿಕ್ಕೆ ಹ್ವಾದಾಂವ, ಗಂಜಿ ಮನ್ಯಾಗ ತೀರಿದ” ಎಂಬ ಅಜ್ಜಿಯ ಒಂದು ವಾಕ್ಯವೇ ಅವನ ಚರಿತ್ರೆ. ಎಲ್ಲಿ ಎಂದು ಕೇಳಿದರೆ, “ಯಾರಿಗ್ ಗೊತ್ತೋ ತಮ್ಮಾ” ಎಂದು ಅವಳು ಬೇರೆ ಮಾತು ತೆಗೆಯುತ್ತಿದ್ದಳು. ಗಂಜಿಗಾಗಿ ಕೈಯೊಡ್ಡಿ ಸತ್ತನೆಂಬುದು ಮನೆತನಕ್ಕೆ ಕುಂದೆಂದು ಅವಳೂ ತಿಳಿದಿದ್ದಿರಬೇಕು. ಧಾತು ಸಂವತ್ಸರವೆಂದರೆ ೧೮೭೬-೭೭. ಮರುವರ್ಷದ ಈಶ್ವರ ಸಂವತ್ಸರವೂ ಕೂಡಿ ದಕ್ಷಿಣ ಹಿಂದುಸ್ತಾನದಲ್ಲೆಲ್ಲ ಲಕ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಂಡ ಬರ ಅದು. ೧೮೭೨ರ ಖಾನೇಸುಮಾರಿಯಲ್ಲಿ ಹತ್ತು ಲಕ್ಷಕ್ಕೆ ತುಸುವೇ ಕಡಮೆಯಿದ್ದ ನಮ್ಮ ಜಿಲ್ಹೆಯ ಜನಸಂಖ್ಯೆಯು ೧೮೮೧ರಲ್ಲಿ ಒಂಬತ್ತು ಲಕ್ಷದೊಳಗೆ ಇಳಿದಿತ್ತು.

ಇನ್ನು ಗ್ರಂಥಕ್ಕೆ ಬರೋಣ. ಬರಗಾಲದ ವೃತ್ತಾಂತವು ಇದರಲ್ಲಿ ಜನರ ಆರೋಗ್ಯದ ಅಧ್ಯಾಯದಲ್ಲಿಲ್ಲ, ಒಕ್ಕಲುತನದ ಅಧ್ಯಾಯದಲ್ಲಿದೆ. ನೇಗಿಲು, ಕುಂಟೆ, ಜೋಳ, ಹತ್ತಿ ಇವೆಲ್ಲ ಮುಗಿದ ಮೇಲೆ ಬೆಳೆಗೆ ಬಂದ ಕೇಡಿನಂತೆ ಅದು ಬರುವದು. ಬಳಿಕ ತಿಂಗಳು ತಿಂಗಳಿನ ವರದಿ: ಮಳೆ ಇಷ್ಟು, ರೂಪಾಯಿಗೆ ಜೋಳ ಇಷ್ಟು, ಕಾಮಗಾರಿಗಳ ಮೇಲೆ ದಿನದ ಸರಾಸರಿ ಜನ ಇಷ್ಟು. ಗದ್ಯವು ಅಚ್ಚುಕಟ್ಟು, ತಂಪು. ಕೆಲಸಗಳು ‘ತೆರೆಯಲ್ಪಡುತ್ತವೆ’, ಕೂಲಿ ‘ಇಳಿಸಲ್ಪಡುತ್ತದೆ’; ತೆರೆದವನೂ ಇಳಿಸಿದವನೂ ವಾಕ್ಯದೊಳಗೆ ಇರುವದಿಲ್ಲ. ಈ ಕರ್ಮಣಿ ಪ್ರಯೋಗವು ಇಂಗ್ಲಿಷ್ ಕಚೇರಿಯ ಭಾಷೆಗೆ ಸಹಜವೆಂದು ಸುಮ್ಮನಿರಬಹುದಿತ್ತು. ಆದರೆ ಆ ಸರಾಸರಿಯನ್ನು ನೋಡಿರಿ. ಸತ್ತವನು ಮರುದಿನದ ಎಣಿಕೆಯಲ್ಲಿ ಇರುವದಿಲ್ಲ. ಕೂಲಿ ಸಾಲದೆಂದು ಕೆಲಸ ಬಿಟ್ಟುಹೋದವನೂ ಇರುವದಿಲ್ಲ. ಮಳೆ ಬಂತೆಂದು ಹೊಲಕ್ಕೆ ಮರಳಿದ ಭಾಗ್ಯವಂತನೂ ಇರುವದಿಲ್ಲ. ಮೂವರೂ ಒಂದೇ ಇಳಿತವಾಗಿ ಕಾಣುವರು. ಹೀಗೆ ಒಂದು ಮರಣವು ಸುಧಾರಣೆಯ ಲಕ್ಷಣದಂತೆ ಓದಿಸಿಕೊಂಡು ಹೋಗುವದು. ಇದು ಲೇಖಕನ ಕ್ರೌರ್ಯವಲ್ಲ. ಅವನು ಆರಿಸಿಕೊಂಡ ರೀತಿಯ ದೋಷ. ಹೆಣಗಳು ಎಲ್ಲಿ ಮಣ್ಣು ಸೇರಿದವೆಂದು ಈ ಪುಟಗಳು ಕೇಳುವದೇ ಇಲ್ಲ.

ವಿಚಿತ್ರವೆಂದರೆ ಇದೇ ಗ್ರಂಥವು ಅದಕ್ಕೆ ಹಿಂದಿನ ಬರವೊಂದನ್ನು ಬೇರೆ ಬಗೆಯಾಗಿ ಹೇಳಬಲ್ಲುದು. ೧೭೯೧-೯೨ರ ಬರವನ್ನು ಜನರು ‘ಡೋಗಿ ಬರ’ವೆಂದು ಕರೆದರು, ಎಂದರೆ ತಲೆಬುರುಡೆಯ ಬರ, ಹೂಳುವವರಿಲ್ಲದೆ ಬಿದ್ದ ಹೆಣಗಳ ಬುರುಡೆಗಳು ನೆಲದ ಮೇಲೆ ಹರಡಿದ್ದುದರಿಂದ ಆ ಹೆಸರು. (‘ಡೋಗಿ’ಗೂ ಮರಾಠಿಯ ‘ಡೋಈ’ಗೂ ನಂಟಿರಬೇಕೆಂದು ನನಗೆ ತೋರುತ್ತದೆ, ಬಲ್ಲವರು ತಿದ್ದಲಿ.) ನೂರು ವರ್ಷ ಹಿಂದಿನ, ಪೇಶವೆಯವರ ಕಾಲದ ಬರಕ್ಕೆ ಜನರ ಬಾಯಿಯ ಮಾತೂ ಕಣ್ಣಿಗೆ ಕಟ್ಟುವ ಚಿತ್ರವೂ ಒದಗಿದವು. ತಮ್ಮ ಆಳಿಕೆಯ, ತಾವೇ ಕಂಡ ಬರಕ್ಕೆ ಕೋಷ್ಟಕಗಳು ಮಾತ್ರ. ಪರರ ಕಾಲದ ಹೆಣವನ್ನು ವರ್ಣಿಸುವದು ಸುಲಭ.

ನಮ್ಮ ಹಿರಿಯನು ತನ್ನ ಹೊಲದಲ್ಲಿಯೇ ಏಕೆ ಸಾಯಲಿಲ್ಲ? ಇದಕ್ಕೆ ಕಾರಣವು ಆ ಕಾಲದ ನಿಯಮಗಳಲ್ಲಿದೆ. ಸರಕಾರಕ್ಕೆ ನಿಜವಾದ ಬಡವನನ್ನೂ ಸೋಗಿನವನನ್ನೂ ಬೇರ್ಪಡಿಸುವ ಚಿಂತೆ. ಅದಕ್ಕೆ ದುಡಿಮೆ ಒಂದು ಪರೀಕ್ಷೆ. ಮನೆಯಿಂದ ದೂರದ ಕಾಮಗಾರಿಗೆ ಹೋಗಲು ಒಪ್ಪುವದು ಇನ್ನೊಂದು. ವೈಸರಾಯ ಲಿಟನ್ನನ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ಲನು ೧೮೭೭ರ ಆರಂಭದಲ್ಲಿ ಆಳಿನ ದಿನಗೂಲಿಯನ್ನು ಒಂದು ಪೌಂಡು, ಅಂದರೆ ಸುಮಾರು ೪೫೦ ಗ್ರಾಂ ಧಾನ್ಯ ಮತ್ತು ಅದರ ಮೇಲೆ ಚಿಲ್ಲರೆ ಕಾಸಿನ ಮಟ್ಟಕ್ಕೆ ತಂದನು. ದುಡಿಯುವ ಮೈಗೆ ಅದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷನು ವಾದಿಸಿದನು. ದುಡಿದು ಸೋತವನು ಕೊನೆಗೆ ಗಂಜಿಯ ಆಶ್ರಯಕ್ಕೆ ಬೀಳುತ್ತಿದ್ದನು. ಊರಿನಿಂದ ದೂರ, ನಂಟರಿಂದ ದೂರ, ಅಳುವ ಗುರುತಿನವರಿಲ್ಲದ ಕಡೆ ಅವನು ಸತ್ತದ್ದು ಆಕಸ್ಮಿಕವಲ್ಲ.

ಇದೇ ಪ್ರಭುಗಳ ತಾಯಿನಾಡಿನಲ್ಲಿ ೧೮೩೪ರ ಬಡವರ ಕಾಯಿದೆಯಿಂದ ಎಲ್ಲೆಡೆಯೂ ಹಬ್ಬಿದ ವರ್ಕ್‌ಹೌಸುಗಳು ಕಡಮೆ ಕಠೋರವಾದವುಗಳಲ್ಲ. ಅಲ್ಲಿ ಗಂಡ-ಹೆಂಡರನ್ನು ಅಗಲಿಸುತ್ತಿದ್ದರು. ಕೇಳುವವರಿಲ್ಲದ ಹೆಣವನ್ನು ೧೮೩೨ರ ಕಾಯಿದೆಯ ಮೇರೆಗೆ ಶವಚ್ಛೇದನದ ಶಾಲೆಗೆ ಒಯ್ಯಬಹುದಿತ್ತು. ಬಡವರ ಗೋರಿಗೆ ಕಲ್ಲಿರಲಿಲ್ಲ. ಆದರೂ ೧೮೩೭ರಿಂದ ಮರಣಗಳ ಸರಕಾರಿ ದಾಖಲೆ ಅಲ್ಲಿ ಮೊದಲಾದ್ದರಿಂದ ಸತ್ತವನ ಹೆಸರು ಪುಸ್ತಕದಲ್ಲಿ ಉಳಿಯಿತು. ಇಂದು ಆ ದೇಶದ ಮೊಮ್ಮಕ್ಕಳು ಆ ಪುಸ್ತಕ ಹಿಡಿದು ಮುತ್ತಜ್ಜನ ಮಣ್ಣನ್ನು ಹುಡುಕುತ್ತಾರೆ. ನಮಗೆ ಬಂದದ್ದು ವರ್ಕ್‌ಹೌಸಿನ ತತ್ವ, ಅದರ ದಫ್ತರವಲ್ಲ.

ಪರರನ್ನಷ್ಟೇ ದೂರಿ ಮುಗಿಸುವದು ನ್ಯಾಯವಲ್ಲ. ನಮ್ಮ ನಾಡು ಮರಣವನ್ನು ಬರೆದಿಡುವದರಲ್ಲಿ ಹಿಂದೆ ಬಿದ್ದ ನಾಡಲ್ಲ. ತುರುಗಳನ್ನು ಬಿಡಿಸಲು ಹೋಗಿ ಸತ್ತವನಿಗೆ ವೀರಗಲ್ಲು ಉಂಟು. ಸಲ್ಲೇಖನ ವ್ರತ ಹಿಡಿದು ಅನ್ನ ಬಿಟ್ಟು ಸತ್ತವರಿಗೆ ನಿಸಿದಿಯ ಕಲ್ಲು ಉಂಟು. ಅದರಲ್ಲಿ ಹೆಸರು, ಗುರು, ತಿಥಿ ಎಲ್ಲವೂ ಉಂಟು. ಬೇಕೆಂದು ಉಪವಾಸವಿದ್ದವನಿಗೆ ಕಲ್ಲು ನಿಲ್ಲಿಸಿದ ನಾವು ಬೇಡವೆಂದರೂ ಉಪವಾಸ ಬಿದ್ದವನಿಗೆ ಏನನ್ನೂ ನಿಲ್ಲಿಸಲಿಲ್ಲ. ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವು ಹುಟ್ಟಿದ್ದು ೧೮೯೦ರಲ್ಲಿ, ಬರ ಕಳೆದು ಹದಿಮೂರು ವರ್ಷಕ್ಕೆ. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ವು ೧೯೧೭ರಲ್ಲಿ ಹೊರಬಂತು. ಸೋತ ಜನಕ್ಕೆ ರಾಜವಂಶಗಳ ನೆನಪು ಕೊಟ್ಟು ನೆಟ್ಟಗೆ ನಿಲ್ಲಿಸಿದ ಆ ಗ್ರಂಥದ ಉಪಕಾರವನ್ನು ನಾನು ಸಣ್ಣದು ಮಾಡುವದಿಲ್ಲ. ಆದರೆ ಅದನ್ನು ಓದಿ ಹಿಗ್ಗಿದವರಲ್ಲಿ ಎಷ್ಟೋ ಜನರು ಬರದಲ್ಲಿ ಉಳಿದವರ ಮಕ್ಕಳು; ಗತವೈಭವಕ್ಕಿಂತ ಹತ್ತಿರದ ಗತವೊಂದು ಅವರ ಮನೆಯಲ್ಲಿಯೇ ಇತ್ತು.

ಈ ಒಲವು ಇನ್ನೂ ಹೋಗಿಲ್ಲವೆಂಬುದಕ್ಕೆ ಅಣ್ಣಿಗೇರಿಯೇ ಸಾಕ್ಷಿ. ೨೦೧೦ರ ಆಗಸ್ಟಿನಲ್ಲಿ ಅಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ನೂರಾರು ಮನುಷ್ಯರ ತಲೆಬುರುಡೆಗಳು ಸಾಲಾಗಿ ಜೋಡಿಸಿಟ್ಟಂತೆ ಹೊರಬಿದ್ದವು. ಕೂಡಲೆ ಹುಟ್ಟಿದ್ದು ಯುದ್ಧದ, ಕಗ್ಗೊಲೆಯ ಕಥೆಗಳು. ಕಾಲ ನಿರ್ಣಯಕ್ಕಾಗಿ ಎಲುಬುಗಳು ಪ್ರಯೋಗಶಾಲೆಗೆ ಹೋದವು, ಅಭಿಪ್ರಾಯಗಳು ಬದಲಾದವು, ಡೋಗಿ ಬರದ ಹೆಸರೂ ಮುಂದೆ ಬಂತು. ಅವು ಯಾವ ಕಾಲದವೇ ಆಗಲಿ, ನಾನು ಗಮನಿಸಿದ್ದು ನಮ್ಮ ಮೊದಲ ಊಹೆಯನ್ನು. ಬುರುಡೆ ಕಂಡೊಡನೆ ನಮಗೆ ರಾಜನೂ ಕತ್ತಿಯೂ ಹೊಳೆದವು. ಹಸಿವು ಹೊಳೆದದ್ದು ತಡವಾಗಿ. ಬುರುಡೆಯ ಬರವೆಂಬ ಮಾತನ್ನೇ ಉಳಿಸಿಕೊಂಡಿದ್ದ ನಾಡಿನಲ್ಲಿ ಹೀಗಾಯಿತು. ಅದೇ ಊರಿನ ಜೋಯಿಸ ಸಿಂಘನ ಹೆಸರನ್ನು ಪಂಪನ ತಮ್ಮ ಜಿನವಲ್ಲಭನು ದೂರದ ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ್ದರಿಂದ ಸಾವಿರ ವರ್ಷಗಳ ಮೇಲೆಯೂ ನಾವು ಆದಿಕವಿಯ ತಾಯಿಯ ನಂಟನ್ನು ಅಣ್ಣಿಗೇರಿಗೆ ಕಟ್ಟಬಲ್ಲೆವು.

ಗ್ಯಾಝೆಟಿಯರಿನಿಂದ ನನ್ನ ಪ್ರಶ್ನೆಗೆ ಏನೂ ಸಿಗಲಿಲ್ಲವೆಂದರೆ ಸುಳ್ಳಾದೀತು. ಅದನ್ನು ಅಜ್ಜಿಯ ವಾಕ್ಯದ ಪಕ್ಕದಲ್ಲಿಟ್ಟು ಓದಬೇಕು. ಅವಳು ‘ಕಡಿ’ ಎಂದಳು, ‘ಮಣ್ಣು’ ಎನ್ನಲಿಲ್ಲ. ಕೆರೆಯ ಹೂಳು ತೆಗೆಯಲು ಹೋದವನು ಮಣ್ಣು ಹೊರುವನು. ಕಡಿ ಒಡೆಯುವದು ರಸ್ತೆಗೆ. ನಮ್ಮ ಎರೆಯ ಭೂಮಿಯಲ್ಲಿ ಒಡೆಯಲು ಕಲ್ಲೇ ಅಪರೂಪವಾದುದರಿಂದ ಅವನು ಕಲ್ಲಿರುವ ಸೀಮೆಗೆ ನಡೆದುಹೋಗಿರಬೇಕು. ಮುಂಬಯಿಯ ಸರಕಾರಿ ದಫ್ತರಖಾನೆಯಲ್ಲಿ ಕಂದಾಯ ಇಲಾಖೆಯ ಬರಗಾಲದ ಸಂಪುಟಗಳಿವೆ. ಅಲ್ಲಿ ನಾನು ಕೇಳಬೇಕಾದದ್ದು ಕೆರೆಗಳನ್ನಲ್ಲ, ನವಲಗುಂದದಿಂದ ಕಾಲ್ನಡೆಯಲ್ಲಿ ಮುಟ್ಟಬಹುದಾದ ರಸ್ತೆಗಳನ್ನು, ಮತ್ತು ಆ ರಸ್ತೆಗಳ ಮಗ್ಗುಲಲ್ಲಿ ಎಲ್ಲಿ ಎಲ್ಲಿ ಗಂಜಿ ಕಾಸಿದರೆಂಬುದನ್ನು.