ತಡವಾಗಿ ನುಡಿದ ಸಾಕ್ಷಿ

ಜಾನ್ ನ್ಯೂಟನ್ ನಮ್ಮಲ್ಲಿ ಅನೇಕರಿಗೆ ಪರಿಚಿತನಾಗಿರುವುದು ‘ಅಮೇಜಿಂಗ್ ಗ್ರೇಸ್’ ಎಂಬ ಕೀರ್ತನೆಯ ಕರ್ತೃವಾಗಿ. ಗುಲಾಮರನ್ನು ಸಾಗಿಸುತ್ತಿದ್ದ ಈ ನಾವಿಕ ಬಿರುಗಾಳಿಗೆ ಸಿಕ್ಕಿ, ದೇವರಿಗೆ ಮೊರೆಯಿಟ್ಟು, ಬದುಕಿ ಉಳಿದು, ಆ ವ್ಯಾಪಾರವನ್ನು ಅಂದೇ ತೊರೆದನೆಂಬ ಕಥೆಯನ್ನು ನಾನೂ ಬಹುಕಾಲ ನಂಬಿದ್ದೆ. ಆಫ್ರಿಕದ ಗುಲಾಮ ವ್ಯಾಪಾರವನ್ನು ಕುರಿತು ಅವನು 1788ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯನ್ನು ಓದಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ.

ಬಿರುಗಾಳಿ ಬೀಸಿದ್ದು 1748ರಲ್ಲಿ. ಅವನು ಗುಲಾಮರ ಹಡಗಿಗೆ ಕಪ್ತಾನನಾದದ್ದು ಅದಾದ ಮೇಲೆ, 1750ರಲ್ಲಿ. ಭಾನುವಾರಗಳಂದು ನಾವಿಕರೊಡನೆ ಪ್ರಾರ್ಥನೆ ನಡೆಸುತ್ತ, ಕೆಳಗೆ ಸಂಕೋಲೆಯಲ್ಲಿದ್ದವರನ್ನು ದಿನಚರಿಯಲ್ಲಿ ಬರಿಯ ಅಂಕಿಗಳಿಂದ ಗುರುತಿಸುತ್ತ, ಮೂರು ಯಾನಗಳನ್ನು ಮಾಡಿದ. 1754ರಲ್ಲಿ ಕಡಲನ್ನು ಬಿಡಿಸಿದ್ದೂ ಕಾಯಿಲೆಯೇ ಹೊರತು ವಿವೇಕವಲ್ಲ. ಪಾದ್ರಿಯಾದ 1764ರಲ್ಲಿಯೇ ಹೊರಬಂದ ಆತ್ಮವೃತ್ತಾಂತದಲ್ಲಿ ಆ ಕಸಬು ತನಗೆ ಹಿತವಾಗಿರಲಿಲ್ಲವೆನ್ನುತ್ತಾನೆ, ಅಧರ್ಮವೆನ್ನುವುದಿಲ್ಲ. 1772ರ ಕೀರ್ತನೆಯಲ್ಲಂತೂ ಗುಲಾಮರ ಪ್ರಸ್ತಾಪವೇ ಇಲ್ಲ. ಅಲ್ಲಿ ಉದ್ಧಾರವಾಗುವವನು ಹಾಡುವವನೊಬ್ಬನೇ.

ಆದುದರಿಂದ, ಕಪ್ತಾನಗಿರಿ ಬಿಟ್ಟು 34 ವರ್ಷಗಳ ಮೇಲೆ ಬಂದ ಈ ಹೊತ್ತಗೆಯೇ ಅವನ ನಿಜವಾದ ಪಾಪನಿವೇದನೆ ಎಂದು ನನ್ನ ಅಭಿಪ್ರಾಯ. ಇದರ ಗದ್ಯದಲ್ಲಿ ಕಣ್ಣೀರಿಲ್ಲ, ಲೆಕ್ಕವಿದೆ. ಹಡಗಿನೊಳಗಿನ ಎತ್ತರ ಸುಮಾರು ಐದು ಅಡಿ. ಅದನ್ನೂ ನಡುವೆ ಹಲಗೆ ಹಾಕಿ ಎರಡು ಮಾಡಿದೆ. ಆ ಇಕ್ಕಟ್ಟಿನಲ್ಲಿ ಮಲಗಿದವರನ್ನು ಅವನು ಹೋಲಿಸುವುದು ಕಪಾಟಿನಲ್ಲಿ ಜೋಡಿಸಿದ ಪುಸ್ತಕಗಳಿಗೆ. ಓದುಬರಹದ ಕೋಣೆಯಲ್ಲಿ ಕುಳಿತ ಮುದಿ ಪಾದ್ರಿಗೆ ಕಣ್ಣೆದುರಿನ ಕಪಾಟೇ ಹಳೆಯ ಹಡಗಾಗಿ ಕಂಡಿತೆ? ಈ ಒಂದು ಹೋಲಿಕೆ ನನ್ನನ್ನು ಕಲಕಿದಷ್ಟು ಆ ಕೀರ್ತನೆ ಕಲಕಿಲ್ಲ.

ದೋಷವಿಲ್ಲವೆಂದಲ್ಲ. ಈ ವ್ಯಾಪಾರದಿಂದ ಇಂಗ್ಲಿಷ್ ನಾವಿಕರಿಗಾಗುವ ಕೇಡನ್ನು ಮೊದಲು ಹೇಳಿ, ಆಫ್ರಿಕದವರ ಸಂಕಟಕ್ಕೆ ಆಮೇಲೆ ಬರುತ್ತಾನೆ. ಇದು ನನಗೆ ಕಸಿವಿಸಿಯುಂಟುಮಾಡಿತು. ಆದರೆ ಹೊತ್ತಗೆಯ ಪ್ರತಿಗಳು ಹೋದದ್ದು ಪಾರ್ಲಿಮೆಂಟಿನ ಸದಸ್ಯರ ಕೈಗೆ. ಅವರ ಕಿವಿ ಯಾವ ಮಾತಿಗೆ ತೆರೆಯುತ್ತದೆಂಬುದನ್ನು ಅವನು ಅರಿತಿದ್ದಿರಬೇಕು.

1785ರಲ್ಲಿ ಸಲಹೆ ಬೇಡಿ ಬಂದ ತರುಣ ವಿಲ್ಬರ್‌ಫೋರ್ಸನಿಗೆ ರಾಜಕೀಯವನ್ನು ಬಿಡಬೇಡವೆಂದವನು ಈತನೇ. 1790ರಲ್ಲಿ ಕಾಮನ್ಸ್ ಸಭೆಯ ಸಮಿತಿಯೆದುರು ತಾನೂ ಸಾಕ್ಷಿ ನುಡಿದ. ವ್ಯಾಪಾರವನ್ನು ನಿಷೇಧಿಸಿದ ಕಾಯಿದೆ 1807ರ ಮಾರ್ಚಿಯಲ್ಲಿ ಬಂದಿತು. ಡಿಸೆಂಬರಿನಲ್ಲಿ ಅವನು ತೀರಿಕೊಂಡ.

ತನ್ನ ನಿವೇದನೆ ತಡವಾಯಿತೆಂದು ಅವನೇ ಒಪ್ಪುತ್ತಾನೆ. ಅವನು ಸಾಗಿಸಿದವರಿಗೆ ಅದರಿಂದ ಏನೂ ದೊರೆಯಲಿಲ್ಲ. ಆದರೂ, ಮನಸ್ಸಿನಲ್ಲೇ ಮರುಗಿ ಸುಮ್ಮನಿರದೆ, ತಾನು ಮಾಡಿದ್ದನ್ನು ಅಡಿ ಅಂಗುಲಗಳಲ್ಲಿ ಅಳೆದು ಲೋಕದ ಮುಂದಿಟ್ಟನಲ್ಲ, ಅದಕ್ಕೆ ಬೆಲೆಯಿದೆ. ಕೀರ್ತನೆಯನ್ನು ಮೆಚ್ಚುವವರು ಈ ಹೊತ್ತಗೆಯನ್ನೂ ಒಮ್ಮೆ ಓದಬೇಕು.