ದೈವಕರೆ: ಭರವಸೆ ಯಾರ ಮೇಲೆ?

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು ಮುಗಿದ ಮೇಲೆ ಕಥೋಲಿಕ ಚರ್ಚುಗಳಲ್ಲಿ ಭಾನುವಾರದ ಪೂಜೆಯ ಕೊನೆಗೆ ಓದುವ ಪ್ರಕಟಣೆಗಳಲ್ಲಿ ಒಂದು ಹೆಚ್ಚಾಗಿ ಸೇರಿಕೊಳ್ಳುತ್ತದೆ. ದೈವಕರೆ ಶಿಬಿರವಿದೆ, ಆಸಕ್ತ ಮಕ್ಕಳು ಹೆಸರು ಕೊಡಬಹುದು. ಗುರುವಾಗಬೇಕೆ, ಕನ್ಯಾಸ್ತ್ರೀಯಾಗಬೇಕೆ, ಸನ್ಯಾಸ ಸಭೆಯೊಂದರ ಬ್ರದರ್ ಆಗಬೇಕೆ, ದೇವರ ಚಿತ್ತ ಏನಿದೆ ಎಂದು ಕೇಳಿಕೊಳ್ಳುವುದಕ್ಕೆ ನಾಲ್ಕಾರು ದಿನ ಮನೆ ಬಿಟ್ಟು ಇರಬೇಕು. ಪ್ರಾರ್ಥನೆ, ಹಾಡು, ಆಟ, ಹಿರಿಯರ ಅನುಭವದ ಮಾತು, ಕೊನೆಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತುಕತೆ. ಆ ಮಾತುಕತೆಯಲ್ಲಿ ಅಳುಕಿದ ಮಗುವಿಗೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ಹೆದರಬೇಡ, ದೇವರ ಮೇಲೆ ಭರವಸೆ ಇಡು.

ಈ ಮಾತನ್ನೇ ಇಲ್ಲಿ ವಿಮರ್ಶೆಗೆ ಒಡ್ಡಬೇಕೆಂದಿದ್ದೇನೆ. ದೈವಕರೆ ಎಂಬುದು ಇದೆ ಎಂದು ನಂಬುವವನಾಗಿಯೇ ಬರೆಯುತ್ತಿದ್ದೇನೆ. ಮಾತು ಸುಳ್ಳಲ್ಲ, ಅದಿಲ್ಲದೆ ಯಾರೂ ಇಂಥ ಬದುಕಿಗೆ ಕಾಲಿಡಲಾರರು. ಆದರೆ ಹದಿನೇಳು ಹದಿನೆಂಟರ ಹುಡುಗಿಗೆ ಅದನ್ನು ಹೇಳುವಾಗ ದೇವರ ಮೇಲಿನ ಭರವಸೆ ಯಾವ ಗಳಿಗೆಯಲ್ಲಿ ಎದುರು ಕೂತವರ ಮೇಲಿನ ಭರವಸೆಯಾಗಿ ಬದಲಾಯಿತು ಎಂಬುದು ಆಕೆಗೂ ತಿಳಿಯುವುದಿಲ್ಲ, ಹೇಳಿದವರಿಗೂ ತಿಳಿಯುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಈ ಪ್ರಶ್ನೆಗೆ ತನ್ನದೇ ತೂಕವಿದೆ. ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಆದರೂ ಬೇರು ಹಳೆಯದು. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿದರು. ಟಿಪ್ಪುವಿನ ಪತನದ ನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದವರು ಫ್ರಾನ್ಸಿನ ಆಬೆ ದುಬ್ವಾ. ಪೇಟ ಸುತ್ತಿ, ನಮ್ಮ ಊಟ ಉಂಡು, ನಮ್ಮ ಜನರ ನಡುವೆ ಬದುಕಿದ ದುಬ್ವಾ 1823ರಲ್ಲಿ ಊರಿಗೆ ಮರಳುವಾಗ ಈ ನೆಲದಲ್ಲಿ ಮತಾಂತರದ ಕೆಲಸ ಫಲಿಸುವುದಿಲ್ಲವೆಂದು ಬಹಿರಂಗವಾಗಿ ಬರೆದರು. ಆದರೆ ಗುರುತನವನ್ನು ಬಿಡಲಿಲ್ಲ; ಮುಂದೆ ಪ್ಯಾರಿಸ್ಸಿನಲ್ಲಿ ಮಿಷನರಿಗಳನ್ನು ತಯಾರು ಮಾಡುವ ಗುರುಮಠಕ್ಕೇ ಮುಖ್ಯಸ್ಥರಾದರು. ಕೆಲಸ ಕೈಗೂಡಲಿಲ್ಲವೆಂದು ಕರೆಯೇ ಸುಳ್ಳೆಂದು ಅವರು ತಿಳಿಯಲಿಲ್ಲ. ದೇವರ ಮೇಲೆ ಭರವಸೆ ಎಂದರೇನು ಎಂದು ಶಿಬಿರದಲ್ಲಿ ಕಲಿಸುವುದಿದ್ದರೆ ಈ ಮನುಷ್ಯನ ಕಥೆಯಿಂದ ಶುರುಮಾಡಬಹುದು. ಇಂದು ಈ ಜಿಲ್ಲೆ ಲ್ಯಾಟಿನ್ ವಿಧಿಯ ಮೈಸೂರು ಧರ್ಮಪ್ರಾಂತ್ಯಕ್ಕೂ ಸೇರಿದೆ, 2010ರಲ್ಲಿ ಹುಟ್ಟಿದ ಸಿರೋ ಮಲಬಾರ್ ವಿಧಿಯ ಮಂಡ್ಯ ಧರ್ಮಪ್ರಾಂತ್ಯಕ್ಕೂ ಸೇರಿದೆ. ಇರುವ ಬೆರಳೆಣಿಕೆಯ ಮನೆಗಳ ಮಕ್ಕಳಿಗೆ ಕರೆಯುವವರು ಕಡಿಮೆಯೇನಿಲ್ಲ.

ಈ ಸೀಮೆಯಲ್ಲಿ ದೇವರ ಚಿತ್ತ ಕೇಳುವ ರೂಢಿಯೂ ಹೊಸದಲ್ಲ. ಹೊಲ ಕೊಳ್ಳುವ ಮುಂಚೆ, ಹೆಣ್ಣು ಕೊಡುವ ಮುಂಚೆ ಗುಡಿಯಲ್ಲಿ ಹೂ ಕೇಳುತ್ತಾರೆ. ಬಲಗಡೆ ಬಿದ್ದರೆ ಅಪ್ಪಣೆ. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯ ಕಾಲಭೈರವೇಶ್ವರನಿಗೆ ಬಿಟ್ಟ ಬಸವ, ಬಸಪ್ಪನ ಮುಂದೆ ಊರೂರಿನವರು ವ್ಯಾಜ್ಯ ತಂದು ನಿಲ್ಲುತ್ತಾರೆ. ಗುಡಿಗೆ ಪೂಜಾರಿ ಯಾರಾಗಬೇಕೆಂಬುದನ್ನೂ ಬಸಪ್ಪನೇ ಆರಿಸಿಕೊಡಬೇಕು. ನೆರೆದ ಗುಂಪಿನ ನಡುವೆ ನಡೆದುಬಂದು ಒಬ್ಬನ ಮುಂದೆ ನಿಂತಿತೆಂದರೆ ಅಲ್ಲಿಗೆ ಮಾತು ಮುಗಿಯಿತು, ಎದುರಾಡುವವರಿಲ್ಲ. ಇದನ್ನು ಹೀಗಳೆಯಲು ಹೇಳುತ್ತಿಲ್ಲ. ಮನುಷ್ಯರ ಪಕ್ಷಪಾತಕ್ಕೆ ಸಿಗದ ಕಡೆಯಿಂದ ತೀರ್ಪು ಬರಲಿ ಎಂಬ ಆಸೆ ಅದರಲ್ಲಿದೆ, ಅದು ಸಣ್ಣ ಆಸೆಯಲ್ಲ. ಇದೇ ನೆಲದಲ್ಲಿ ಬೆಳೆದ ಕಥೋಲಿಕ ಹುಡುಗನೂ ಒಂದು ಗುರುತು ಬೇಕೆಂದು ಕಾಯುತ್ತಾನೆ: ನವದಿನದ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಏನಾದರೂ ಸೂಚನೆ ಸಿಗಲಿ, ಬೈಬಲ್ ಬಿಡಿಸಿದ ಪುಟದಲ್ಲಿ ನನಗೆಂದೇ ಒಂದು ವಾಕ್ಯ ಇರಲಿ.

ಕಥೋಲಿಕ ಪರಂಪರೆಯಲ್ಲಿ ದೈವಚಿತ್ತವನ್ನು ವಿವೇಚಿಸುವ ಕ್ರಮವನ್ನು ಎಲ್ಲರಿಗಿಂತ ಖಚಿತವಾಗಿ ಬರೆದಿಟ್ಟ ಸಂತ ಲೊಯೋಲದ ಇಗ್ನೇಷಿಯಸ್ ಕೂಡ ಒಮ್ಮೆ ಹೀಗೆಯೇ ಮಾಡಿದವರು. ನಮ್ಮ ಹಳೆಯ ಕ್ರೈಸ್ತ ಊರುಗಳ ಇನ್ನಾಸಪ್ಪಂದಿರಿಗೆಲ್ಲ ಹೆಸರು ಕೊಟ್ಟ ಸಂತ ಇವರೇ. 1522ರಲ್ಲಿ, ಮನಸ್ಸು ತಿರುಗಿದ ಹೊಸತರಲ್ಲಿ, ಹೇಸರಗತ್ತೆ ಏರಿ ಮೊಂತ್ಸೆರಾತಿನ ಕಡೆ ಹೊರಟಿದ್ದಾಗ ಜೊತೆಗೆ ಬಂದ ಒಬ್ಬ ಮುಸ್ಲಿಮನ ಸಂಗಡ ಮಾತೆ ಮರಿಯಳ ಕನ್ಯತ್ವದ ಬಗ್ಗೆ ವಾದ ಎದ್ದಿತು. ಆತ ಮುಂದೆ ಹೊರಟುಹೋದ. ಮರಿಯಳ ಮಾನ ಕಾಯದೆ ಬಿಟ್ಟೆನಲ್ಲ ಎಂದು ಇಗ್ನೇಷಿಯಸ್ ಕುದಿದರು. ಬೆನ್ನಟ್ಟಿ ಇರಿಯಬೇಕೆ ಬೇಡವೆ ತೀರ್ಮಾನವಾಗಲಿಲ್ಲ. ದಾರಿ ಕವಲಾಗುವಲ್ಲಿ ಲಗಾಮು ಸಡಿಲ ಬಿಟ್ಟರು. ಹೇಸರಗತ್ತೆ ಅವನು ಹೋದ ಹಳ್ಳಿಯ ದಾರಿ ಹಿಡಿದರೆ ಇರಿಯುವುದು, ಹೆದ್ದಾರಿ ಹಿಡಿದರೆ ಬಿಡುವುದು. ಹಳ್ಳಿಯ ದಾರಿ ಅಗಲವಾಗಿ ಚೆನ್ನಾಗಿದ್ದರೂ ಪ್ರಾಣಿ ಹೆದ್ದಾರಿ ಹಿಡಿಯಿತು. ಒಂದು ಜೀವ ಉಳಿಯಿತು, ಒಬ್ಬ ಸಂತನೂ ಉಳಿದ.

ಈ ಘಟನೆಯನ್ನು ಮುದಿತನದಲ್ಲಿ ಇಗ್ನೇಷಿಯಸ್ಸೇ ಬರೆಯಿಸಿದರು, ತಾನು ಆಗ ಎಷ್ಟು ಕುರುಡನಾಗಿದ್ದೆ ಎಂದು ಹೇಳುವುದಕ್ಕೆ. ನಡುವಿನ ವರ್ಷಗಳಲ್ಲಿ ಅವರು ಕಲಿತದ್ದೆಲ್ಲ 1548ರಲ್ಲಿ ಪೋಪ್ ಮೂರನೆಯ ಪೌಲರ ಒಪ್ಪಿಗೆ ಪಡೆದ ‘ಆಧ್ಯಾತ್ಮಿಕ ಸಾಧನೆ’ ಎಂಬ ಕೈಪಿಡಿಯಲ್ಲಿದೆ. ಅಲ್ಲಿ ಸೂಚನೆಯನ್ನು ಹೊರಗೆ ಹುಡುಕುವುದಿಲ್ಲ. 1521ರಲ್ಲಿ ಪಾಂಪ್ಲೋನಾ ಕಾಳಗದಲ್ಲಿ ಕಾಲು ಮುರಿದು ಮನೆಯಲ್ಲಿ ಮಲಗಿದ್ದಾಗ ಅವರು ಕಂಡುಕೊಂಡ ಸಂಗತಿ ಇಷ್ಟೆ: ಅರಮನೆಯ ಹೆಣ್ಣಿನ ಕನಸು ಕಾಣುವಾಗಲೂ ಹಿತ, ಸಂತರಂತೆ ಬದುಕುವ ಕನಸು ಕಾಣುವಾಗಲೂ ಹಿತ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಬರಡಾಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ದೇವರ ದನಿ ಯಾವುದೆಂದು ಗೊತ್ತಾಗುವುದು ಆ ಕ್ಷಣದ ಉಕ್ಕಿನಲ್ಲಲ್ಲ, ಉಕ್ಕು ಇಳಿದ ಮೇಲೆ. ಇದಕ್ಕೆ ದಿನಗಳು ಬೇಕು, ತಿಂಗಳುಗಳು ಬೇಕು.

ಈ ಕಣ್ಣಿನಿಂದ ನೋಡಿದರೆ ನಾಲ್ಕು ದಿನದ ಶಿಬಿರದ ದೋಷ ಎದ್ದು ಕಾಣುತ್ತದೆ. ರಾತ್ರಿಯ ಆರಾಧನೆ, ಮೇಣದ ಬತ್ತಿ, ಗಿಟಾರು, ಕಣ್ಣೀರು. ಮರುದಿನ ಬೆಳಿಗ್ಗೆ ಅರ್ಜಿ ತುಂಬಿಸುವುದು. ಉಕ್ಕಿನ ತುದಿಯಲ್ಲಿ ಮಾಡುವ ಸಂಕಲ್ಪವನ್ನು ಇಗ್ನೇಷಿಯಸ್ ನೇರವಾಗಿ ತಡೆಯುತ್ತಾರೆ. ಸಾಧನೆಗೆ ಕೂತವನು ಭಾವಾವೇಶದಲ್ಲಿ ಅವಸರದ ಹರಕೆ ಹೊರಲು ಹೊರಟರೆ ಮಾರ್ಗದರ್ಶಿ ಎಚ್ಚರಿಸಬೇಕು ಎನ್ನುತ್ತಾರೆ. ಇನ್ನೂ ಮುಂದೆ ಹೋಗಿ, ಆ ಸಾಧನೆಯ ಹೊತ್ತಿನಲ್ಲಿ ಮಾರ್ಗದರ್ಶಿಯು ಯಾರನ್ನೂ ಸನ್ಯಾಸದ ಕಡೆಗಾಗಲಿ ಅದರ ವಿರುದ್ಧವಾಗಲಿ ತಳ್ಳಕೂಡದು, ತಕ್ಕಡಿಯ ಮುಳ್ಳಿನಂತೆ ನಡುವೆ ನಿಂತು, ಸೃಷ್ಟಿಕರ್ತ ತನ್ನ ಸೃಷ್ಟಿಯೊಡನೆ ನೇರವಾಗಿ ವ್ಯವಹರಿಸಲು ಬಿಡಬೇಕು ಎಂದು ವಿಧಿಸುತ್ತಾರೆ. ತನ್ನ ಸಭೆಗೆ ಆಳು ಸೇರಿಸಿಕೊಳ್ಳಲು ಬಂದವರೇ ದೇವರ ಚಿತ್ತ ತಿಳಿಸುವವರೂ ಆಗುವ ನಮ್ಮ ಏರ್ಪಾಡಿನಲ್ಲಿ ಈ ಮುಳ್ಳು ನಡುವೆ ನಿಲ್ಲುವುದು ಹೇಗೆ? ಅವರು ಒಳ್ಳೆಯವರಲ್ಲವೆಂದಲ್ಲ. ಆ ಜಾಗದಲ್ಲಿ ಎಷ್ಟೇ ಒಳ್ಳೆಯವರಿದ್ದರೂ ಮುಳ್ಳು ವಾಲುತ್ತದೆ.

ಮನೆಯ ಕಡೆಯಿಂದಲೂ ವಾಲುವಿಕೆ ಇದೆ. ಕಾಯಿಲೆ ಬಿದ್ದ ಮಗು ಉಳಿದರೆ ದೇವರ ಸೇವೆಗೆ ಬಿಡುತ್ತೇನೆಂದು ತಾಯಿ ಹರಕೆ ಹೊರುವುದು ನಮ್ಮಲ್ಲಿ ಎಲ್ಲ ಮತದವರಿಗೂ ಅರ್ಥವಾಗುವ ಮಾತು. ಬೈಬಲಿನ ಹನ್ನಳೂ ಹಾಗೇ ಹರಕೆ ಹೊತ್ತು ಸಮುವೇಲನನ್ನು ಹೆತ್ತಳು, ಮೊಲೆ ಬಿಡಿಸಿದ ಮೇಲೆ ದೇವಾಲಯಕ್ಕೆ ಒಪ್ಪಿಸಿದಳು. ಇಷ್ಟನ್ನು ಎಲ್ಲ ಪ್ರವಚನಗಳಲ್ಲೂ ಹೇಳುತ್ತಾರೆ. ಹೇಳದೆ ಉಳಿಯುವ ಮಾತೆಂದರೆ, ತಾಯಿಯ ಹರಕೆಯಿಂದ ಸಮುವೇಲನ ಕರೆ ಮುಗಿಯಲಿಲ್ಲ. ದೇವಾಲಯದಲ್ಲೇ ಬೆಳೆದ ಹುಡುಗನಿಗೆ ದೇವರ ಪರಿಚಯ ಇನ್ನೂ ಆಗಿರಲಿಲ್ಲ ಎಂದೇ ಆ ಗ್ರಂಥ ಹೇಳುತ್ತದೆ. ದೇವರು ಅವನ ಹೆಸರು ಹಿಡಿದು ಬೇರೆಯಾಗಿ ಕರೆಯಬೇಕಾಯಿತು. ಹುಡುಗ ಓಡಿದ್ದು ಮುದಿ ಯಾಜಕ ಏಲಿಯ ಬಳಿಗೆ. ನಾನು ಕರೆಯಲಿಲ್ಲ, ಹೋಗಿ ಮಲಗು ಎಂದು ಏಲಿ ಎರಡು ಸಲ ವಾಪಸು ಕಳಿಸಿದ. ಮೂರನೆಯ ಸಲ ವಿಷಯ ಹೊಳೆದಾಗಲೂ ತಾನು ಮಧ್ಯೆ ಬಂದು ಕೂರಲಿಲ್ಲ. ಉತ್ತರ ಕೊಡುವುದು ಹೇಗೆಂದು ತಿಳಿಸಿ ಮತ್ತೆ ಅವನ ಜಾಗಕ್ಕೇ ಕಳಿಸಿದ. ಅಲ್ಲಿ ಹುಡುಗನಿಗೆ ಕೇಳಿಬಂದ ಮಾತು ಏಲಿಯ ಮನೆತನದ ವಿರುದ್ಧವೇ ಇತ್ತು. ಏಲಿ ಅದನ್ನೂ ಮುಚ್ಚಿಡದೆ ಹೇಳಿಸಿಕೊಂಡ. ದೈವಕರೆಯ ಕೆಲಸಕ್ಕೆ ನೇಮಕವಾದ ಪ್ರತಿಯೊಬ್ಬ ಫಾದರ್, ಪ್ರತಿಯೊಬ್ಬ ಸಿಸ್ಟರ್ ತಮ್ಮನ್ನು ಏಲಿಯ ಜಾಗದಲ್ಲಿಟ್ಟು ಓದಬೇಕಾದ ಅಧ್ಯಾಯ ಇದು. ಈಗ ಎಲ್ಲರೂ ಸಮುವೇಲನ ಜಾಗದಲ್ಲಿ ಮಗುವನ್ನಿಟ್ಟು ಓದಿಸುತ್ತಾರೆ.

ಬಡತನದ ವಿಷಯವನ್ನು ಬಿಚ್ಚಿ ಮಾತಾಡದಿದ್ದರೆ ಈ ವಿಮರ್ಶೆ ಅರ್ಧವೇ. ಮಠ ಸೇರಿದರೆ ಓದು ಸಿಗುತ್ತದೆ, ಇಂಗ್ಲಿಷ್ ಬರುತ್ತದೆ, ನರ್ಸಿಂಗೋ ಬಿ.ಎಡ್ಡೋ ಆಗುತ್ತದೆ. ಮದುವೆಯ ಖರ್ಚು, ವರದಕ್ಷಿಣೆಯ ಚಿಂತೆ ತಪ್ಪುತ್ತದೆ. ಹುಡುಗರ ಕಥೆ ಬೇರೆ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಹೊರಟಿತು. ಬೇಸಾಯ ಮಾಡುವವರಿಗೆ ಹೆಣ್ಣು ಕೊಡುವವರಿಲ್ಲ, ಮಾದಪ್ಪನೇ ದಾರಿ ತೋರಿಸಲಿ ಎಂದು ಬೇಡಿಕೊಳ್ಳಲು ನಡೆದವರು ಅವರು. ಬ್ರಹ್ಮಚರ್ಯ ಹೀಗೆ ಹಣೆಬರಹವಾಗಿ ಬಂದೆರಗುವ ಸೀಮೆಯಲ್ಲಿ ಅದನ್ನು ತಾನಾಗಿ ಆರಿಸಿಕೊಳ್ಳುವ ಹುಡುಗನಿಗೆ ಎದುರಾಗುವ ಪ್ರಶ್ನೆ ಕಠಿಣ: ನಾನು ಒಂದರ ಕಡೆಗೆ ಹೋಗುತ್ತಿದ್ದೇನೆಯೋ, ಒಂದರಿಂದ ಓಡುತ್ತಿದ್ದೇನೆಯೋ? ಓದಿನ ಆಸೆಯಿಂದ ಬಂದವಳಿಗೆ ನಿಜವಾದ ಕರೆ ಇರಲಾರದು ಎಂದು ನಾನು ಹೇಳುವುದಿಲ್ಲ. ಮನುಷ್ಯರ ಆಸೆಗಳು ಬೆರಕೆಯಾಗಿಯೇ ಇರುತ್ತವೆ, ದೇವರು ಆ ಬೆರಕೆಯೊಳಗೇ ಕೆಲಸ ಮಾಡುತ್ತಾನೆ. ಆದರೆ ಆ ಆಸೆಯನ್ನು ನಾಚಿಕೆಯಿಲ್ಲದೆ ಬಾಯಿಬಿಟ್ಟು ಹೇಳಲು ಜಾಗ ಬೇಕು. ಹೇಳಿದರೆ ಅನರ್ಹಳಾಗುತ್ತೇನೆಂಬ ಭಯವಿದ್ದರೆ ಆಕೆ ಶಿಬಿರದಲ್ಲಿ ಕಲಿತ ಭಕ್ತಿಯ ಮಾತುಗಳನ್ನೇ ಒಪ್ಪಿಸುತ್ತಾಳೆ.

ಧರ್ಮಸಭೆಯ ಕಾನೂನು ಇದನ್ನೆಲ್ಲ ಬಲ್ಲದು ಎಂಬುದೇ ನನಗೆ ಸಮಾಧಾನ ತರುವ ಸಂಗತಿ. 1983ರ ಸಂಹಿತೆಯ 219ನೆಯ ನಿಯಮ ಬದುಕಿನ ಸ್ಥಿತಿಯನ್ನು ಆರಿಸಿಕೊಳ್ಳುವಲ್ಲಿ ಯಾರ ಮೇಲೂ ಯಾವ ಬಲವಂತವೂ ಸಲ್ಲದು ಎನ್ನುತ್ತದೆ. ಹದಿನೇಳು ತುಂಬದವರನ್ನಾಗಲಿ, ಒತ್ತಾಯ ಅಥವಾ ಭಯದಿಂದ ಬಂದವರನ್ನಾಗಲಿ ನೊವಿಶಿಯೇಟಿಗೆ, ಅಂದರೆ ವ್ರತಕ್ಕೆ ಮುಂಚಿನ ತರಬೇತಿಗೆ, ಸೇರಿಸಿಕೊಂಡರೆ ಆ ಸೇರ್ಪಡೆಯೇ ಅಸಿಂಧು. ನೊವಿಶಿಯೇಟು ಕನಿಷ್ಠ 12 ತಿಂಗಳು, ಆಮೇಲೆ ತಾತ್ಕಾಲಿಕ ವ್ರತ ಕನಿಷ್ಠ 3 ವರ್ಷ, ಬೇಕಾದರೆ 9 ವರ್ಷದವರೆಗೂ ಎಳೆಯಬಹುದು. ನೊವಿಸ್ ಆಗಿರುವಾಗ ಯಾವ ದಿನ ಬೇಕಾದರೂ ಹೊರಡಬಹುದು. ಒಳಮನಸ್ಸನ್ನು ತಮ್ಮ ಮುಂದೆ ಬಿಚ್ಚಿಡು ಎಂದು ಮೇಲಧಿಕಾರಿಗಳು ಒತ್ತಾಯಿಸುವಂತಿಲ್ಲ. ಗುರುಮಠದಲ್ಲಿ ಒಬ್ಬನನ್ನು ಮುಂದೆ ಕಳಿಸಬೇಕೆ ಬೇಡವೆ ಎಂದು ನಿರ್ಧರಿಸುವಾಗ ಅವನ ಆಧ್ಯಾತ್ಮಿಕ ಮಾರ್ಗದರ್ಶಿಯ ಅಭಿಪ್ರಾಯವನ್ನು ಕೇಳಲೂ ಕೂಡದು. ದೇವರ ಚಿತ್ತದ ಹೆಸರಿನಲ್ಲಿ ಮನುಷ್ಯ ಮನುಷ್ಯನ ಮೇಲೆ ಏನೆಲ್ಲ ಹೇರಬಲ್ಲ ಎಂಬುದನ್ನು ಶತಮಾನಗಳ ಕಾಲ ಕಂಡವರು ಬರೆದ ನಿಯಮಗಳಿವು. ಇವುಗಳಲ್ಲಿ ಒಂದನ್ನಾದರೂ ಶಿಬಿರದಲ್ಲಿ ಮಕ್ಕಳಿಗೆ, ಅವರ ತಂದೆತಾಯಿಗೆ ಕನ್ನಡದಲ್ಲಿ ಓದಿಹೇಳುವುದು ಎಷ್ಟು ಹೊತ್ತಿನ ಕೆಲಸ?

ಮೇಲಿನವರೂ ತಪ್ಪುತ್ತಾರೆ. ದೂರದ ಉದಾಹರಣೆ ಬೇಡ, ಮಂಗಳೂರಿನದೇ ಇದೆ. ಗಲಿಲೇಯದ ಬಡ ಅರಬ್ ಹುಡುಗಿ ಮರಿಯಂ ಬವಾರ್ದಿ 1870ರಲ್ಲಿ ಕಾರ್ಮೆಲ್ ಮಠ ಕಟ್ಟಲು ಬಂದ ತಂಡದೊಡನೆ ಮಂಗಳೂರಿಗೆ ಬಂದರು, ಮರುವರ್ಷ ನವೆಂಬರಿನಲ್ಲಿ ಅಲ್ಲಿಯೇ ವ್ರತ ತೊಟ್ಟರು. ಅವರ ಆತ್ಮಾನುಭವಗಳು ದೇವರಿಂದ ಬಂದವಲ್ಲವೆಂದು ಹಿರಿಯರಿಗೆ ಸಂಶಯ ಬಂತು. 1872ರಲ್ಲಿ ಫ್ರಾನ್ಸಿಗೆ ವಾಪಸು ಕಳಿಸಿದರು. ಅವರೇ ಆಮೇಲೆ ಬೆತ್ಲೆಹೇಮಿನಲ್ಲಿ ಮಠ ಕಟ್ಟಿದರು, 2015ರಲ್ಲಿ ಸಂತ ಪದವಿ ಪಡೆದರು. ಅವರ ತಾಳ್ಮೆಯನ್ನು ಕೊಂಡಾಡುವ ಪ್ರವಚನಗಳಿವೆ. ಆ ತಾಳ್ಮೆ ದೊಡ್ಡದೇ. ಆದರೆ ಕೊನೆಗೆ ಸಂತರಾದರು ಎಂಬುದರಿಂದ ಅನುಮಾನಿಸಿದವರ ತೀರ್ಪು ಸರಿಯಾಗುವುದಿಲ್ಲ. ಮರಿಯಂ ಭರವಸೆ ಇಟ್ಟದ್ದು ದೇವರ ಮೇಲೆ. ಹಿರಿಯರಿಗೆ ವಿಧೇಯರಾಗಿದ್ದರು, ಆದರೆ ಅವರ ತೀರ್ಪನ್ನೇ ದೇವರ ತೀರ್ಪೆಂದು ತಿಳಿದು ಕುಸಿಯಲಿಲ್ಲ.

ಇನ್ನು ಮರಳಿ ಬಂದವರ ಮಾತು. ಈ ಇಡೀ ಪದ್ಧತಿಯನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆ ಕಾಣದು. ಗುರುದೀಕ್ಷೆಯ ದಿನ ಊರ ತುಂಬ ಬ್ಯಾನರ್ ಕಟ್ಟುತ್ತಾರೆ, ತಮಟೆ ಬಡಿಸುತ್ತಾರೆ, ತಂದೆತಾಯಿಗೆ ಹಾರ ಹಾಕುತ್ತಾರೆ. ಐದು ವರ್ಷವಿದ್ದು, ಪ್ರಾರ್ಥಿಸಿ, ಇದು ನನ್ನ ದಾರಿಯಲ್ಲವೆಂದು ಪ್ರಾಮಾಣಿಕವಾಗಿ ಕಂಡುಕೊಂಡು ಬಂದವಳು ರಾತ್ರಿ ಬಸ್ಸಿಗೆ ಬರಬೇಕಾಗುತ್ತದೆ. ಮಠ ಬಿಟ್ಟು ಬಂದವಳು ಎಂಬ ಹೆಸರು ಮದುವೆಯ ಮಾತಿನವರೆಗೂ ಹಿಂಬಾಲಿಸುತ್ತದೆ. ಅವಳೂ ವಿವೇಚಿಸಿದ್ದಾಳೆ, ಅವಳೂ ದೇವರನ್ನು ಕೇಳಿಯೇ ಉತ್ತರ ಪಡೆದಿದ್ದಾಳೆ. ಬೇಡವೆಂಬ ಉತ್ತರಕ್ಕೆ ಗೌರವವಿಲ್ಲದ ಕಡೆ ಹೌದೆಂಬ ಉತ್ತರವನ್ನು ನಾನು ಪೂರ್ತಿ ನಂಬಲಾರೆ. ಸಂಹಿತೆಯ 702ನೆಯ ನಿಯಮದಂತೆ ಸಭೆ ಬಿಟ್ಟವರು ತಾವು ದುಡಿದದ್ದಕ್ಕೆ ಏನನ್ನೂ ಕೇಳುವಂತಿಲ್ಲ. ಆದರೆ ಸಭೆಯು ಅವರೊಡನೆ ನ್ಯಾಯದಿಂದ, ಸುವಾರ್ತೆಯ ಪ್ರೀತಿಯಿಂದ ನಡೆದುಕೊಳ್ಳಬೇಕು ಎಂದೂ ಅದೇ ನಿಯಮದಲ್ಲಿದೆ. ಮೊದಲ ಅರ್ಧ ಸ್ಪಷ್ಟ, ಎರಡನೆಯ ಅರ್ಧ ಆಯಾ ಮೇಲಧಿಕಾರಿಯ ಮನಸ್ಸಿಗೆ ಬಿಟ್ಟದ್ದು. ಇಪ್ಪತ್ತೆಂಟರಲ್ಲಿ ಪಿಯುಸಿ ಅಂಕಪಟ್ಟಿ ಹಿಡಿದು ಹೊರಬರುವವಳಿಗೆ ಆ ಎರಡನೆಯ ಅರ್ಧವೇ ಅನ್ನ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಶಿಬಿರದ ಕೊನೆಯ ದಿನ ಅರ್ಜಿ ಕೊಡಬೇಡಿ. ಮಕ್ಕಳು ಮನೆಗೆ ಹೋಗಲಿ, ಮಳೆಗಾಲ ಕಳೆಯಲಿ, ಕಬ್ಬಿನ ಗದ್ದೆಯಲ್ಲಿ, ಕಾಲೇಜಿನಲ್ಲಿ, ಗೆಳೆಯರ ನಡುವೆ ಆ ಆಸೆ ಉಳಿಯುತ್ತದೆಯೋ ನೋಡಲಿ. ಮಾರ್ಗದರ್ಶನಕ್ಕೆ ಯಾವ ಸಭೆಗೂ ಆಳು ಸೇರಿಸುವ ಹೊಣೆಯಿಲ್ಲದ ಒಬ್ಬರಿರಲಿ. ಸಂಸಾರಿಗಳಾದರೂ ಸರಿ, ಹೆಣ್ಣುಮಕ್ಕಳಿಗೆ ಹೆಂಗಸರೇ ಇರಲಿ. ಅನುಭವ ಹೇಳಲು ಕರೆಯುವವರಲ್ಲಿ ಮರಳಿ ಬಂದು ನೆಮ್ಮದಿಯಾಗಿರುವ ಒಬ್ಬರನ್ನಾದರೂ ಕರೆಯಿರಿ. ಕಳಿಸುವ ದಿನ ಪೆಟ್ಟಿಗೆ ಕಟ್ಟುತ್ತ ತಾಯಿಯೊಬ್ಬಳು ಹೇಳಬಹುದಾದ ಮಾತು ಮಂಡ್ಯದಲ್ಲಿ ಎಲ್ಲರ ಬಾಯಲ್ಲೂ ಇದೆ: “ಅಲ್ಲಿ ಒಗ್ಗನಿಲ್ಲ ಅಂದ್ರೆ ಬಂದ್ಬುಡು ಮಗ, ನಾವಿದ್ದೀವಿ.” ಅದನ್ನು ಪಾದ್ರಿಗಳ ಮುಂದೆ, ಊರಿನವರ ಮುಂದೆ ಗಟ್ಟಿಯಾಗಿ ಹೇಳಲು ಆ ತಾಯಿಗೆ ಧೈರ್ಯ ಬರಬೇಕು. ಆ ಧೈರ್ಯವನ್ನು ಧರ್ಮಕೇಂದ್ರವೇ ಕೊಡಬೇಕು, ಭಾನುವಾರದ ಅದೇ ಪ್ರಕಟಣೆಯಲ್ಲಿ.