ತಂತಿ ಸವೆದಿದೆಯೋ, ನರ ಹಿಡಿದಿದೆಯೋ

ಹಿರೇಕೊಟ್ನೆಕಲ್ ಕಡೆ ಯಾರಿಗಾದರೂ 'ಹಾರ್ಟ್ ಬ್ಲಾಕ್' ಆಯಿತೆಂದರೆ, 'ಸ್ಟೆಂಟ್ ಹಾಕ್ಯಾರೇನು?' ಎಂಬ ಪ್ರಶ್ನೆ ಸಹಜ. ರಕ್ತನಾಳ ಕಟ್ಟಿಕೊಂಡರೂ ನಾವು ಬ್ಲಾಕ್ ಎಂದೇ ಕರೆಯುತ್ತೇವಲ್ಲ. ಇಲ್ಲಿನ ಮಾತು ಇನ್ನೊಂದು ಬ್ಲಾಕಿನದು: ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಒಳಗಿನ ತಂತಿಯಂಥ ದಾರಿಯಲ್ಲಿ ವಿದ್ಯುತ್ತು ದಾಟದೆ, ನಾಡಿ ಇಳಿದು, ಕಣ್ಣು ಕತ್ತಲಾಗಿ ಮನುಷ್ಯ ನಿಂತಲ್ಲೇ ಬೀಳುವ ಕಾಯಿಲೆ. ಅದಕ್ಕೆ ಹೃದಯ ಬಡಿಸುವ ಯಂತ್ರವಾದ ಪೇಸ್‌ಮೇಕರ್ ಬೇಡ, ಹೃದಯದೊಳಗೆ ಸುಡುವ ಚಿಕಿತ್ಸೆಯಾದ ಅಬ್ಲೇಶನ್ ಸಾಕು ಎನ್ನುವುದು ಅರ್ಧ ನಿಜ. ಯಾವ ಅರ್ಧವೆಂದು ತಿಳಿಯದೆ ನಂಬಿದರೆ ಜೀವಕ್ಕೆ ಎರವಾಗುತ್ತದೆ.

ಪೇಸ್‌ಮೇಕರಿನ ಚರಿತ್ರೆ ಗಟ್ಟಿಯಾದದ್ದು. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರ ದೇಹದಲ್ಲಿ ಕೂರಿಸಿದ ಮೊದಲ ಯಂತ್ರ ನಡೆದದ್ದು ಕೆಲವೇ ಗಂಟೆ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಯಂತ್ರ ಬದಲಿಸಿಕೊಂಡು ಅವರು 2001ರವರೆಗೆ ಬದುಕಿದರು. ಯಂತ್ರದ ಶಕ್ತಿಯೂ ಮಿತಿಯೂ ಆ ಒಂದೇ ಬದುಕಿನಲ್ಲಿದೆ. ಈಗಿನ ಬ್ಯಾಟರಿ ಸುಮಾರು ಹತ್ತು ವರ್ಷ ಬಾಳುತ್ತದೆ. ಎಪ್ಪತ್ತು ದಾಟಿದ ಅಜ್ಜನಿಗೆ ಒಂದೋ ಎರಡೋ ಸಾಕು. ಇಪ್ಪತ್ತೈದರ ಹುಡುಗ ನಾಲ್ಕೈದು ಸಲ ಎದೆ ಕೊಯ್ಯಿಸಿಕೊಳ್ಳಬೇಕು. ಪ್ರತಿಸಲವೂ ಸೋಂಕಿನ ಭಯ. ವರ್ಷಗಟ್ಟಲೆ ಕೆಳಕೋಣೆಯನ್ನಷ್ಟೇ ಯಂತ್ರ ಬಡಿಸಿದರೆ ಕೆಲವರಲ್ಲಿ ಹೃದಯದ ಸ್ನಾಯುವೇ ಸೋಲುತ್ತದೆ.

ಬ್ರೆಜಿಲ್‌ನ ಜೋಸೆ ಕಾರ್ಲೋಸ್ ಪಾಶೋನ್ 2005ರಲ್ಲಿ ಮುಂದಿಟ್ಟ ದಾರಿ ಬೇರೆ. ಅವರು ಹೃದಯದೊಳಗಿನ ವಿದ್ಯುತ್ತಿನ ತಂತಿಯನ್ನು ಮುಟ್ಟುವುದಿಲ್ಲ. ಮುಟ್ಟಿ ಸುಟ್ಟರೆ ಬ್ಲಾಕ್ ಹುಟ್ಟೀತೇ ಹೊರತು ಹೋಗದು. ನಾಡಿಯನ್ನು ತಗ್ಗಿಸುವ ವೇಗಸ್ ನರದ, ಹೃದಯದ ಗೋಡೆಯಲ್ಲಿರುವ ಗಂಟುಗಳನ್ನು ಸುಡುತ್ತಾರೆ. ತಂತಿ ಸರಿಯಿದ್ದು, ನರದ ಹಿಡಿತ ಮಾತ್ರ ಅತಿಯಾದವರಿಗೆ ಇದು ಚಿಕಿತ್ಸೆ. ಅದನ್ನು ಪತ್ತೆಮಾಡಲು ಆ ನರದ ಹಿಡಿತ ಸಡಿಲಿಸುವ ಅಟ್ರೋಪಿನ್ ಔಷಧಿ ಚುಚ್ಚುತ್ತಾರೆ: ನಾಡಿ ಏರಿ ಬ್ಲಾಕ್ ಮಾಯವಾದರೆ ದೋಷ ನರದ್ದೆಂಬ ಅನುಮಾನ ಬಲವಾಗುತ್ತದೆ. ಹೊಲಕ್ಕೆ ಔಷಧಿ ಹೊಡೆಯುವಾಗ ಆರ್ಗನೋಫಾಸ್ಫೇಟ್ ವಿಷ ಏರಿದವರಿಗೆ ಕೊಡುವುದೂ ಇದೇ ಅಟ್ರೋಪಿನ್ನೇ.

ಆದರೆ ಪುರಾವೆ ಇನ್ನೂ ಎಳೆಯದು. ಪೋಲೆಂಡಿನಲ್ಲಿ 48 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎರಡು ವರ್ಷದೊಳಗೆ ಮತ್ತೆ ಮೂರ್ಛೆ ಬಂದವರು ಅಬ್ಲೇಶನ್ ಗುಂಪಿನಲ್ಲಿ ಶೇಕಡಾ 8, ಅಬ್ಲೇಶನ್ ಆಗದ ಗುಂಪಿನಲ್ಲಿ 54. ಅಂತರ ದೊಡ್ಡದೇ. ಆದರೆ ಅಲ್ಲಿ ಎದುರಿಗಿದ್ದದ್ದು ಪೇಸ್‌ಮೇಕರ್ ಅಲ್ಲ. ರೋಗಿಗಳೂ ನರದ ಪ್ರತಿಕ್ರಿಯೆಯಿಂದ ಮೂರ್ಛೆ ಹೋಗುವವರು, ತಂತಿ ಸವೆದವರಲ್ಲ.

ಹಾಗಾಗಿ ವಯಸ್ಸಾಗಿ ತಂತಿ ಸವೆದು ಪೂರ್ತಿ ಬ್ಲಾಕ್ ಆದವರ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ. ಪೇಸ್‌ಮೇಕರೇ ಬೇಕು, ತಡಮಾಡಬಾರದು. ಎಳೆಯ ವಯಸ್ಸಿನವರಿಗೆ, ಬ್ಲಾಕ್ ನಿದ್ದೆಯಲ್ಲೋ ವಾಂತಿ ಬಂದಾಗಲೋ ಮಾತ್ರ ಕಾಣಿಸಿದರೆ, ಯಂತ್ರ ಕೂರಿಸುವ ಮುನ್ನ ಅಟ್ರೋಪಿನ್ ಪರೀಕ್ಷೆ ಆಯಿತೇ ಎಂದು ಮನೆಯವರು ಧೈರ್ಯವಾಗಿ ಕೇಳಬೇಕು. ಮಾನ್ವಿಯಿಂದ ರಾಯಚೂರಿಗೋ ಕಲಬುರಗಿಗೋ ಹೊರಡುವಾಗ ನುಂಗುತ್ತಿರುವ ಬಿಪಿ ಗುಳಿಗೆಯ ಚೀಟಿಯನ್ನು ಜೊತೆಗೊಯ್ಯಬೇಕು, ಆ ವಾರ ಹೊಲಕ್ಕೆ ಏನು ಹೊಡೆದದ್ದೆಂಬುದನ್ನೂ ಡಾಕ್ಟರಿಗೆ ಹೇಳಬೇಕು. ಅವು ತಂದ ಬ್ಲಾಕ್ ಎಷ್ಟೋ ಸಲ ಯಂತ್ರವೂ ಇಲ್ಲದೆ, ಸುಡುವುದೂ ಇಲ್ಲದೆ ಇಳಿದುಹೋಗುತ್ತದೆ.